ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ: ಆಕ್ಯುಪೇಷನಲ್ ಥೆರಪಿಯ ಚರಿತ್ರೆ ಮತ್ತು ನಮ್ಮ ಕರಾವಳಿ

ಭಟ್ಕಳ, ಹೊನ್ನಾವರ, ಕುಮಟಾ. ಈ ಮೂರು ಊರಿನವರಿಗೆ ದೊಡ್ಡ ಕಾಯಿಲೆ ಎಂದರೆ ಮೊದಲು ನೆನಪಾಗುವುದು ರಸ್ತೆ. ಪಾರ್ಶ್ವವಾಯು ಬಡಿದರೆ, ಹೆದ್ದಾರಿಯಲ್ಲಿ ಬೈಕ್ ಉರುಳಿದರೆ, ಆಂಬುಲೆನ್ಸ್ ಹಿಡಿದು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕು. 2022ರ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಶಿರೂರು ಟೋಲ್‌ಗೇಟ್ ಬಳಿ ಜಾರಿ ಅಪ್ಪಳಿಸಿ ನಾಲ್ವರು ಪ್ರಾಣ ಕಳೆದುಕೊಂಡರು. ಅಂದು ಜಿಲ್ಲೆಯಿಡೀ ಒಂದೇ ಸ್ವರದಲ್ಲಿ ದೊಡ್ಡ ಆಸ್ಪತ್ರೆಯ ಬೇಡಿಕೆ ಇಟ್ಟಿತು. ಆ ಬೇಡಿಕೆ ನ್ಯಾಯವಾದದ್ದು.

ಆದರೆ ನಾವು ಮಾತಾಡುವುದೆಲ್ಲ ಈ ರಸ್ತೆಯಲ್ಲಿ ಹೋಗುವ ದಾರಿಯ ಬಗ್ಗೆ. ಅದೇ ರಸ್ತೆಯಲ್ಲಿ ಜೀವ ಉಳಿಸಿಕೊಂಡು ಮರಳಿ ಬಂದವರ ಬಗ್ಗೆ ಮಾತಾಡುವುದು ಬಹಳ ಕಡಿಮೆ.

ಮರಳಿ ಬಂದವರ ಮನೆಯನ್ನು ನಾವೆಲ್ಲ ಕಂಡಿದ್ದೇವೆ. ಮನೆಯ ಹಿರಿಯರಿಗೆ ಬಲಗೈ, ಬಲಗಾಲು ಬಿದ್ದುಹೋಗಿದೆ. ಜೀವ ಉಳಿದದ್ದಕ್ಕೆ ಎಲ್ಲರೂ ಅಲ್ಲಾಹನಿಗೆ ಸ್ತುತಿ ಹೇಳುತ್ತಾರೆ. ಮಗಳು ತುತ್ತು ಮಾಡಿ ಬಾಯಿಗೆ ಇಡುತ್ತಾಳೆ. ಮಗ ಅಂಗಿ ತೊಡಿಸುತ್ತಾನೆ. ಸೊಸೆ ವುಝೂಗೆ ನೀರು ಹಾಕುತ್ತಾಳೆ. ಯಾರೂ ಏನೂ ಕಡಿಮೆ ಮಾಡುವುದಿಲ್ಲ. ಆರು ತಿಂಗಳಾದರೂ ಹಿರಿಯರು ಹಾಸಿಗೆ ಬಿಟ್ಟು ಏಳುವುದಿಲ್ಲ. ಸ್ವಲ್ಪ ಅಲುಗಾಡುತ್ತಿದ್ದ ಕೈ ಮಡಚಿಕೊಂಡು ಗಟ್ಟಿಯಾಗುತ್ತದೆ. ಒಂದು ಕಾಲದಲ್ಲಿ ದುಬೈಯಲ್ಲಿ ಅಂಗಡಿ ನಡೆಸಿದವರು, ಹತ್ತು ಜನರಿಗೆ ಕೆಲಸ ಹೇಳಿದವರು ಗೋಡೆ ನೋಡುತ್ತ ಕೂರುತ್ತಾರೆ. ನಮ್ಮ ಸೇವೆಯಲ್ಲಿ ಪ್ರೀತಿಯ ಕೊರತೆ ಇರಲಿಲ್ಲ. ಆದರೆ ಅವರು ಮಾಡಬಹುದಾಗಿದ್ದ ಪ್ರತಿಯೊಂದು ಕೆಲಸವನ್ನೂ ನಾವೇ ಮಾಡಿ ಮುಗಿಸಿದೆವು.

ಈ ಜಾಗದಲ್ಲಿ ಕೆಲಸ ಮಾಡುವ ಒಂದು ವಿದ್ಯೆಯಿದೆ. ಅದರ ಹೆಸರು ಆಕ್ಯುಪೇಷನಲ್ ಥೆರಪಿ. ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಎಂದು ಬರೆಯುವುದುಂಟು. ಅದನ್ನು ಓದಿದವರು ಇದು ನೌಕರಿ ಕೊಡಿಸುವ ಯೋಜನೆ ಎಂದು ತಪ್ಪು ತಿಳಿಯುತ್ತಾರೆ. ಇಲ್ಲಿ ಉದ್ಯೋಗ ಎಂದರೆ ಸಂಬಳದ ಕೆಲಸ ಮಾತ್ರವಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವುದರಿಂದ ರಾತ್ರಿ ಮಲಗುವ ತನಕ ಮನುಷ್ಯನ ದಿನವನ್ನು ತುಂಬುವ ಎಲ್ಲವೂ ಉದ್ಯೋಗವೇ. ಸ್ನಾನ, ಊಟ, ನಮಾಝ್, ಅಡುಗೆ, ಮಗುವಿಗೆ ಆಟ, ಪೇಟೆಗೆ ಹೋಗುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಫಿಸಿಯೋಥೆರಪಿ ಭುಜ ಎತ್ತಲು ಕಲಿಸುತ್ತದೆ ಎಂದುಕೊಳ್ಳೋಣ. ಎತ್ತಿದ ಭುಜದಿಂದ ತಲೆಗೆ ಟೋಪಿ ಇಟ್ಟುಕೊಳ್ಳುವುದು ಹೇಗೆ, ಮಗುವನ್ನು ಎತ್ತಿಕೊಳ್ಳುವುದು ಹೇಗೆ ಎಂದು ಕೇಳುವುದು ಆಕ್ಯುಪೇಷನಲ್ ಥೆರಪಿ. ಎರಡೂ ಬೇಕು. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಹಳೆಯ ಬೇರುಗಳು

ಕೆಲಸದಿಂದ, ಶಾಂತ ಪರಿಸರದಿಂದ ರೋಗಿಯ ಮನಸ್ಸು ಚೇತರಿಸುತ್ತದೆ ಎಂಬ ತಿಳಿವಳಿಕೆ ಹೊಸದಲ್ಲ. ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಕಟ್ಟಿಸಿದ ಮನ್ಸೂರಿ ಆಸ್ಪತ್ರೆ ಬಡವ, ಬಲ್ಲಿದ, ಗಂಡು, ಹೆಣ್ಣು ಎನ್ನದೆ ಎಲ್ಲರಿಗೂ ತೆರೆದಿತ್ತು. ಗುಣವಾಗಿ ಹೊರಡುವವರ ಕೈಗೆ ಒಂದಿಷ್ಟು ಹಣ ಕೊಡುವ ಪದ್ಧತಿ ಅಲ್ಲಿತ್ತು. ದೇಹ ಪೂರ್ತಿ ಬಲಗೊಳ್ಳುವ ಮೊದಲೇ ಹೊಟ್ಟೆಪಾಡಿಗಾಗಿ ದುಡಿಯುವ ಸ್ಥಿತಿ ಬಾರದಿರಲಿ ಎಂಬ ಕಾಳಜಿ ಅದು. ತುರ್ಕಿಯ ಎದಿರ್ನೆಯಲ್ಲಿ ಎರಡನೇ ಬಾಯಝೀದ್ 1488ರಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ನೀರಿನ ಸದ್ದು, ಹೂವಿನ ಪರಿಮಳ, ಸಂಗೀತ ಇವುಗಳಿಂದ ಮಾನಸಿಕ ರೋಗಿಗಳನ್ನು ಶಾಂತಗೊಳಿಸುತ್ತಿದ್ದರೆಂದು ಪ್ರವಾಸಿ ಎವ್ಲಿಯಾ ಚೆಲೆಬಿ 17ನೇ ಶತಮಾನದಲ್ಲಿ ದಾಖಲಿಸಿದ್ದಾನೆ.

ಇಷ್ಟರಿಂದ ಈ ವಿದ್ಯೆಯನ್ನು ಕಂಡುಹಿಡಿದದ್ದು ನಾವೇ ಎಂದು ಬೆನ್ನು ತಟ್ಟಿಕೊಳ್ಳುವುದು ಸರಿಯಲ್ಲ. ಯುರೋಪಿನಲ್ಲೂ 18ನೇ ಶತಮಾನದ ಕೊನೆಗೆ ಪ್ಯಾರಿಸ್ಸಿನ ವೈದ್ಯ ಫಿಲಿಪ್ ಪಿನೆಲ್, ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಕ್ವೇಕರ್ ಪಂಥದ ವಿಲಿಯಂ ಟ್ಯೂಕ್ ಮಾನಸಿಕ ರೋಗಿಗಳ ಸರಪಳಿಯ ಬದಲು ತೋಟದ ಕೆಲಸ, ಹೊಲಿಗೆ, ಗೌರವದ ಮಾತು ಎಂಬ ಹಾದಿ ಹಿಡಿದರು. ಮನುಷ್ಯನನ್ನು ಮನುಷ್ಯನಾಗಿ ಕಂಡ ಕಡೆಯಲ್ಲೆಲ್ಲ ಈ ವಿದ್ಯೆಯ ಒಂದೊಂದು ಬೇರು ಇದೆ.

ಒಬ್ಬ ರೋಗಿಯ ಮನೆಯಲ್ಲಿ ಹುಟ್ಟಿದ ಸಂಘ

ಇದು ಒಂದು ವೃತ್ತಿಯಾಗಿ ರೂಪುಗೊಂಡದ್ದು 1917ರ ಮಾರ್ಚ್ ತಿಂಗಳಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಪುಟ್ಟ ಊರಿನಲ್ಲಿ. ಆರು ಜನ ಸೇರಿ ಒಂದು ರಾಷ್ಟ್ರೀಯ ಸಂಘ ಸ್ಥಾಪಿಸಿದರು. ಅವರಲ್ಲಿ ಮನೋವೈದ್ಯ ವಿಲಿಯಂ ರಶ್ ಡಂಟನ್ ಇದ್ದರು, ಸಮಾಜಸೇವೆಯ ಹಿನ್ನೆಲೆಯ ಎಲೀನರ್ ಕ್ಲಾರ್ಕ್ ಸ್ಲೇಗಲ್ ಇದ್ದರು. ಸಭೆ ಕರೆದವರು ಮಾತ್ರ ವೈದ್ಯರಲ್ಲ. ಜಾರ್ಜ್ ಎಡ್ವರ್ಡ್ ಬಾರ್ಟನ್ ವಾಸ್ತುಶಿಲ್ಪಿ. ಕ್ಷಯರೋಗದಿಂದ ಬಳಲಿದವರು, ಕಾಲಿನ ಭಾಗ ಕತ್ತರಿಸಿಕೊಂಡವರು, ಎಡಭಾಗದ ಸ್ವಾಧೀನ ಕಳೆದುಕೊಂಡವರು. ಬಡಗಿಯ ಕೆಲಸ, ತೋಟದ ಕೆಲಸ ಮಾಡುತ್ತಲೇ ತಮ್ಮನ್ನು ತಾವು ಮತ್ತೆ ಎಬ್ಬಿಸಿಕೊಂಡರು. ತಮ್ಮ ಮನೆಗೆ ಸಾಂತ್ವನದ ಮನೆ ಎಂಬ ಅರ್ಥದ ಹೆಸರಿಟ್ಟಿದ್ದರು. ಆ ಮನೆಯಲ್ಲೇ ಸಭೆ ನಡೆಯಿತು.

ಮರುತಿಂಗಳೇ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಕೈಕಾಲು ಕಳೆದುಕೊಂಡ, ಮನಸ್ಸು ಕದಡಿದ ಸೈನಿಕರು ಸಾವಿರಾರು ಸಂಖ್ಯೆಯಲ್ಲಿ ಬಂದರು. ಶಸ್ತ್ರಚಿಕಿತ್ಸಕರು ಗಾಯ ಮಾಯಿಸಿದ ಮೇಲೆ ಈ ಯುವಕರು ಇನ್ನೇನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಬೇಕಿತ್ತು. ಹೆಣ್ಣುಮಕ್ಕಳಿಗೆ ತುರ್ತು ತರಬೇತಿ ಕೊಟ್ಟು ಸೈನಿಕ ಆಸ್ಪತ್ರೆಗಳಿಗೆ ಕಳುಹಿಸಿದರು. ಯುದ್ಧದ ಗಾಯ ಈ ವೃತ್ತಿಯನ್ನು ಬೆಳೆಸಿತು.

ಮುಂಬೈಗೆ ಬಂದ ವಿದ್ಯೆ

ಭಾರತಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. ಅಮೆರಿಕದ ಕ್ವೇಕರ್ ಕುಟುಂಬದಲ್ಲಿ 1900ರಲ್ಲಿ ಹುಟ್ಟಿದಾಗ ಅವರ ಹೆಸರು ಎಲಿಜಬೆತ್ ಲಂಡಿ. ಭಾರತೀಯರಾದ ವಿಷ್ಣು ನಿಂಬ್ಕರ್ ಅವರನ್ನು ವಿವಾಹವಾಗಿ 1930ರಲ್ಲಿ ಇಲ್ಲಿಗೆ ಬಂದು ಕಮಲಾ ಆದರು. ನಡುವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಈ ವಿದ್ಯೆ ಕಲಿತು ಮರಳಿದರು. 1950ರಲ್ಲಿ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶಾಲೆ ಆರಂಭಿಸಿದರು. ಏಷ್ಯಾದಲ್ಲೇ ಇಂಥ ಶಾಲೆ ಅದೇ ಮೊದಲು. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ರೂಪುಗೊಂಡ ವಿಶ್ವ ಒಕ್ಕೂಟದ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಮುಂಬೈಯ ಹಾಜಿ ಅಲಿಯಲ್ಲಿ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆ 1955ರಲ್ಲಿ ಆರಂಭವಾಯಿತು. ಹಾಜಿ ಅಲಿ ದರ್ಗಾ ಕಂಡು ಬಂದ ನಮ್ಮವರು ಎಷ್ಟೋ ಮಂದಿ. ಪಕ್ಕದ ಈ ಸಂಸ್ಥೆಯನ್ನು ಗಮನಿಸಿದವರು ಕಡಿಮೆ.

ದಕ್ಷಿಣದಲ್ಲಿ ವೆಲ್ಲೂರು ಇನ್ನೊಂದು ಪಾಠ ಕಲಿಸಿತು. ಅಲ್ಲಿಗೆ 1946ರಲ್ಲಿ ಬಂದ ಶಸ್ತ್ರಚಿಕಿತ್ಸಕ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಗಳನ್ನು ಪರೀಕ್ಷಿಸಿದರು. ಬೆರಳು ತಾನಾಗಿ ಕೊಳೆತು ಬೀಳುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಕಾರಣ ಬೇರೆಯೇ ಎಂದು ಅವರು ತೋರಿಸಿದರು. ಸ್ಪರ್ಶಜ್ಞಾನ ಹೋದ ಕೈಗೆ ಬಿಸಿ ಪಾತ್ರೆ ಸುಟ್ಟದ್ದು ತಿಳಿಯುವುದಿಲ್ಲ, ಹಿಡಿಕೆ ಉಜ್ಜಿ ಗಾಯವಾದದ್ದು ತಿಳಿಯುವುದಿಲ್ಲ, ಬೆರಳು ಹಾಳಾಗುವುದು ಹಾಗೆ. ಸ್ನಾಯುರಜ್ಜುಗಳನ್ನು ಸ್ಥಳಾಂತರಿಸಿ ಮಡಚಿದ ಬೆರಳನ್ನು ಅವರು ನೆಟ್ಟಗೆ ಮಾಡಿದರು. ಆದರೆ ಕೆಲಸ ಗೊತ್ತಿಲ್ಲದ ಕೈ ನೆಟ್ಟಗಾಗಿಯೂ ಭಿಕ್ಷೆಗೇ ಚಾಚುತ್ತಿತ್ತು. ಹಾಗಾಗಿ ರೋಗಿಗಳೇ ಇದ್ದು ಮರಗೆಲಸ, ಆಟಿಕೆ ತಯಾರಿಕೆ ಕಲಿಯುವ, ಕೈಯನ್ನು ಗಾಯದಿಂದ ಕಾಪಾಡಿಕೊಳ್ಳುವ ಅಭ್ಯಾಸ ಮಾಡುವ ಕೇಂದ್ರವೊಂದು ಅಲ್ಲಿ ತಲೆಯೆತ್ತಿತು.

ಅದೇ ವೆಲ್ಲೂರಿನ ಯುವವೈದ್ಯೆ ಮೇರಿ ವರ್ಗೀಸ್ 1954ರ ಕಾರು ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ಪುನರ್ವಸತಿ ವಿಭಾಗದ ನೇತೃತ್ವ ವಹಿಸಿದರು. 1966ರಲ್ಲಿ ಒಳರೋಗಿಗಳಿಗಾಗಿಯೇ ಪುನರ್ವಸತಿ ಸಂಸ್ಥೆ ಅಲ್ಲಿ ತೆರೆಯಿತು.

ನಮ್ಮ ರಾಜ್ಯದಲ್ಲೂ ಇಂಥವರಿದ್ದಾರೆ. ಪೋಲಿಯೊದಿಂದ ಗಾಲಿಕುರ್ಚಿ ಹಿಡಿದ ಎನ್.ಎಸ್. ಹೇಮಾ ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರ ಸಂಘ ಕಟ್ಟಿದರು. ಅಲ್ಲಿ ತೋಟಗಾರಿಕೆಯ ತರಬೇತಿ ಪಡೆದವರು ಸ್ವಂತ ಕಾಲಿನ ಮೇಲೆ ನಿಂತಿದ್ದಾರೆ. ನಿಮ್ಹಾನ್ಸ್‌ನ ಮನೋವೈದ್ಯಕೀಯ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಮರಗೆಲಸ, ಹೊಲಿಗೆ ಇವೆಲ್ಲ ಚಿಕಿತ್ಸೆಯ ಅಂಗವೇ. ನಮಗೆ ಹತ್ತಿರದ ಮಣಿಪಾಲದಲ್ಲಿ ಈ ವಿಷಯದ ಪದವಿ ಶಿಕ್ಷಣವಿದೆ.

ಚರಿತ್ರೆ ಕಲಿಸುವ ಕೌಶಲಗಳು

ಈ ವೃತ್ತಿಯನ್ನು ಮಾಡುವವರಲ್ಲಿ ಏನೇನು ಇರಬೇಕು ಎಂಬುದು ಈ ಚರಿತ್ರೆಯಿಂದಲೇ ತಿಳಿಯುತ್ತದೆ. ಅದರಲ್ಲಿ ಕೆಲವನ್ನು ಮನೆಯವರೂ ಕಲಿಯಬಹುದು.

ಮೊದಲನೆಯದು ಕೇಳುವುದು. ನಿಮಗೆ ಏನು ನೋವು ಎಂದು ಎಲ್ಲರೂ ಕೇಳುತ್ತಾರೆ. ನಿಮಗೆ ಏನು ಮಾಡಬೇಕೆನಿಸುತ್ತದೆ ಎಂದು ಈ ಚಿಕಿತ್ಸಕರು ಕೇಳುತ್ತಾರೆ. ಭಟ್ಕಳದ ಅಜ್ಜಿಗೆ ಮಲ್ಲಿಗೆ ಕಟ್ಟಬೇಕೆನಿಸಬಹುದು. ಹೊನ್ನಾವರದ ಕಾಸರಕೋಡಿನ ಮೀನುಗಾರನಿಗೆ ಹರಿದ ಬಲೆ ಹೊಲಿಯಬೇಕೆನಿಸಬಹುದು. ಕುಮಟಾದ ಅಘನಾಶಿನಿ ದಡದಲ್ಲಿ ಬಳಚು ಹೆಕ್ಕಿ ಬದುಕಿದ ತಾಯಿಗೆ ಮತ್ತೆ ನೀರಿಗಿಳಿಯುವ ಆಸೆಯಿರಬಹುದು. ಮೂವರ ಬೆರಳಿಗೂ ಒಂದೇ ರಬ್ಬರ್ ಚೆಂಡು ಕೊಟ್ಟು ನೂರು ಸಲ ಒತ್ತಿ ಎಂದರೆ ಮೂರನೇ ದಿನ ಚೆಂಡು ಮಂಚದ ಕೆಳಗೆ ಸೇರುತ್ತದೆ. ಹೂವು, ಬಲೆ, ಚಿಪ್ಪಿ ಕೊಟ್ಟರೆ ಬೆರಳಿಗೆ ಕಾರಣ ಸಿಗುತ್ತದೆ.

ಎರಡನೆಯದು ಬಿಡಿಸಿ ನೋಡುವ ಕಣ್ಣು. ಅಂಗಿ ತೊಡುವುದು ನಮಗೆ ಒಂದು ಕೆಲಸ, ಚಿಕಿತ್ಸಕರಿಗೆ ಹತ್ತು ಕೆಲಸ. ಅದರಲ್ಲಿ ಏಳನ್ನು ರೋಗಿಯೇ ಮಾಡಬಲ್ಲರಾದರೆ ಉಳಿದ ಮೂರಕ್ಕೆ ಮಾತ್ರ ನೆರವು. ಪಾರ್ಶ್ವವಾಯು ಆದವರು ತೊಡುವಾಗ ಬಿದ್ದ ಕೈಯನ್ನು ಮೊದಲು ತೋಳಿಗೆ ಹಾಕಬೇಕು, ಕಳಚುವಾಗ ಅದನ್ನು ಕೊನೆಗೆ ತೆಗೆಯಬೇಕು. ಬಿದ್ದ ಕೈ ಹಿಡಿದು ಎಳೆದು ಎಬ್ಬಿಸಬಾರದು, ಭುಜಕ್ಕೆ ಪೆಟ್ಟಾಗುತ್ತದೆ. ಇಷ್ಟು ಚಿಕ್ಕ ಮಾತು ತಿಳಿಯದೆ ಎಷ್ಟೋ ಭುಜಗಳು ಕೆಟ್ಟಿವೆ.

ಮೂರನೆಯದು ಹೊಂದಿಸುವ ಜಾಣ್ಮೆ. ದೇಹ ಬದಲಾಗದಿದ್ದರೆ ಕೆಲಸದ ರೀತಿ ಬದಲಿಸು, ಅದೂ ಆಗದಿದ್ದರೆ ಜಾಗ ಬದಲಿಸು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು, ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿ ಜಾರದಂತೆ ಮಾಡುವುದು, ಬಚ್ಚಲಿಗೆ ಕುರ್ಚಿ, ಗೋಡೆಗೆ ಹಿಡಿಕೆ, ಹೊಸ್ತಿಲಿಗೆ ಇಳಿಜಾರು. ಇವುಗಳಲ್ಲಿ ಹೆಚ್ಚಿನವಕ್ಕೆ ಊರ ಬಡಗಿಯೇ ಸಾಕು. ಈ ತತ್ವ ನಮಗೆ ಹೊಸದಲ್ಲ. ಅನಾರೋಗ್ಯದಲ್ಲಿದ್ದ ಇಮ್ರಾನ್ ಬಿನ್ ಹುಸೈನ್(ರ) ನಮಾಝಿನ ಬಗ್ಗೆ ಕೇಳಿದಾಗ ಪ್ರವಾದಿ(ಸ) ಅವರು ನಿಂತು ಮಾಡಲು ಹೇಳಿದರು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ಮಾಡಲು ಹೇಳಿದರು. ಕರ್ತವ್ಯವನ್ನು ಬಿಡಿಸಲಿಲ್ಲ, ಮನುಷ್ಯನಿಗೆ ಅವನ ಶಕ್ತಿಯ ಅಳತೆಯಲ್ಲಿ ಅದನ್ನು ಹೊಂದಿಸಿಕೊಟ್ಟರು. ರೋಗಿಯ ಕೈಯಿಂದ ಕೆಲಸವನ್ನೇ ತೆಗೆದುಬಿಡುವ ನಮ್ಮ ಅಭ್ಯಾಸಕ್ಕೂ ಇದಕ್ಕೂ ಇರುವ ದೂರವನ್ನು ಗಮನಿಸಬೇಕು.

ನಾಲ್ಕನೆಯದು ಊರಿನ ಬದುಕು ಗೊತ್ತಿರುವುದು. ಹೊರದೇಶದ ಕೃತಕ ಕಾಲು ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರಿಗಾಗಿ ಮಾಡಿದ್ದು. ನೆಲದ ಮೇಲೆ ಚಕ್ಕಳಮಕ್ಕಳ ಕೂರುವ, ಕುಕ್ಕರುಗಾಲಲ್ಲಿ ಕೂರುವ, ಬರಿಗಾಲಲ್ಲಿ ಗದ್ದೆಗಿಳಿಯುವ ನಮ್ಮವರಿಗೆ ಅದು ಒಗ್ಗಲಿಲ್ಲ. 1968ರ ಹೊತ್ತಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ.ಕೆ. ಸೇಠಿ ಸೇರಿ ರೂಪಿಸಿದ ಜೈಪುರ ಕಾಲು ಈ ಕೊರತೆ ನೀಗಿತು. ನಮ್ಮ ಮನೆಗಳಿಗೂ ಇದೇ ಮಾತು. ವುಝೂ ಮಾಡುವ ಜಾಗ, ನೆಲದ ಮೇಲಿನ ದಸ್ತರ್‌ಖಾನ್, ಬಲಗೈಯಲ್ಲಿ ಉಣ್ಣುವ ರೂಢಿ, ಹೆಂಗಸರ ಪರ್ದಾ, ಇವೆಲ್ಲ ತಿಳಿದ ಚಿಕಿತ್ಸಕರ ಸಲಹೆ ಮನೆಯಲ್ಲಿ ಉಳಿಯುತ್ತದೆ. ತಿಳಿಯದವರ ಸಲಹೆ ಕಾಗದದಲ್ಲೇ ಉಳಿಯುತ್ತದೆ.

ಕೊನೆಯದು ಮರ್ಯಾದೆ. ಸ್ನಾನ, ಶೌಚದ ಅಭ್ಯಾಸ ಕಲಿಸುವವರು ಮನುಷ್ಯನನ್ನು ಅವನು ತೀರ ನಾಚುವ ಹೊತ್ತಿನಲ್ಲಿ ಕಾಣುತ್ತಾರೆ. ಅನುಮತಿ ಕೇಳುವುದು, ಬಾಗಿಲು ಮುಚ್ಚುವುದು, ಕಂಡದ್ದನ್ನು ಹೊರಗೆ ಹೇಳದಿರುವುದು ಈ ವೃತ್ತಿಯ ನೀತಿ. ತಮ್ಮ ಮಿತಿ ಅರಿತು ವೈದ್ಯರ ಬಳಿಗೆ ಕಳುಹಿಸುವುದೂ ಅದೇ ನೀತಿ. ದೃಷ್ಟಿಯಿಲ್ಲದ ಅಬ್ದುಲ್ಲಾ ಬಿನ್ ಉಮ್ಮು ಮಕ್ತೂಮ್(ರ) ಅವರಿಗೆ ಪ್ರವಾದಿ(ಸ) ಅಝಾನ್‌ನ ಹೊಣೆ ಕೊಟ್ಟಿದ್ದರು, ತಾವು ಮದೀನಾದಿಂದ ಹೊರಗೆ ಹೋದಾಗ ಊರಿನ ಹೊಣೆಯನ್ನೂ ವಹಿಸಿದ್ದರು. ಕನಿಕರಕ್ಕಿಂತ ಹೊಣೆ ಮನುಷ್ಯನನ್ನು ಹೆಚ್ಚು ಗೌರವಿಸುತ್ತದೆ.

ನಮ್ಮ ಜಿಲ್ಲೆಯ ಮಕ್ಕಳು

ಈ ವಿಷಯ ನಮ್ಮ ಮೂರು ತಾಲ್ಲೂಕುಗಳಿಗೆ ಇನ್ನೊಂದು ಕಾರಣಕ್ಕೂ ಬೇಕು. ಕರ್ನಾಟಕದ ಕರಾವಳಿಯ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ, 2000ನೇ ಇಸವಿಯ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕಾಸರಗೋಡಿನ ಎಣ್ಮಕಜೆಯಲ್ಲಿ ವೈದ್ಯ ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಮೊದಲು ದನಿಯೆತ್ತಿದರು. 2011ರಲ್ಲಿ ಕರ್ನಾಟಕ ಸರ್ಕಾರ ಇದನ್ನು ನಿಷೇಧಿಸಿತು, ಅದೇ ವರ್ಷದ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ನೀಡಿತು. ದಕ್ಷಿಣ ಕನ್ನಡ, ಉಡುಪಿಯ ಜೊತೆಗೆ ಉತ್ತರ ಕನ್ನಡದಲ್ಲೂ ಸಂತ್ರಸ್ತರನ್ನು ಗುರುತಿಸಲಾಗಿದೆ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಹಳ್ಳಿಗಳು ಅದರಲ್ಲಿವೆ. ಹೈಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ ಪರಿಹಾರ, ಪಿಂಚಣಿಯ ವ್ಯವಸ್ಥೆ ಬಲಗೊಂಡಿತು.

ಪಿಂಚಣಿ ಬೇಕೇ ಬೇಕು. ಆದರೆ ಕತ್ತು ನಿಲ್ಲದ ಮಗುವನ್ನು ಕೂರಿಸುವುದು ಹೇಗೆ, ಉಸಿರು ಕಟ್ಟದಂತೆ ಊಟ ಮಾಡಿಸುವುದು ಹೇಗೆ, ಇಪ್ಪತ್ತು ವರ್ಷದ ಮಗನನ್ನು ಎತ್ತುವ ತಾಯಿಯ ಸೊಂಟ ಉಳಿಸುವುದು ಹೇಗೆ ಎಂದು ಪಿಂಚಣಿ ಹೇಳಿಕೊಡುವುದಿಲ್ಲ. ದಕ್ಷಿಣ ಕನ್ನಡದ ಕೊಕ್ಕಡ, ಕೊಯಿಲಗಳಲ್ಲಿ ಹಗಲು ಪಾಲನಾ ಕೇಂದ್ರಗಳು ಬಂದವು. ಕಾಸರಗೋಡಿನ ಪಂಚಾಯತ್‌ಗಳಲ್ಲಿ ಬಡ್ಸ್ ಶಾಲೆಗಳಿವೆ. ಮಗು ಹಗಲಲ್ಲಿ ಅಲ್ಲಿ ಏನಾದರೂ ಕಲಿಯುತ್ತದೆ, ತಾಯಿಗೆ ನಾಲ್ಕು ಗಂಟೆ ಬಿಡುವು ಸಿಗುತ್ತದೆ. ಆ ಬಿಡುವೂ ಒಂದು ಚಿಕಿತ್ಸೆಯೇ. ವಿಷ ಸಿಂಪಡಿಸುವಾಗ ಯಾರ ಜಾತಿ, ಧರ್ಮವನ್ನೂ ಕೇಳಲಿಲ್ಲ. ಆರೈಕೆಯೂ ಕೇಳಬಾರದು.

ನಾವು ಮಾಡಬಹುದಾದದ್ದು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಗ್ರಾಮ ಪಂಚಾಯತ್ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯು.ಡಿ.ಐ.ಡಿ. ಕಾರ್ಡ್ ಮಾಡಿಸಲು, ಸಾಧನಗಳಿಗೆ ಅರ್ಜಿ ಹಾಕಲು ಅವರನ್ನು ಕಾಣಬೇಕು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಬಿಲ್ಲಿನ ಬಗ್ಗೆ ಕೇಳುವಷ್ಟೇ ಗಟ್ಟಿಯಾಗಿ, ಮನೆಯಲ್ಲಿ ಇವರು ಏನೇನು ತಾವೇ ಮಾಡಬಹುದು, ಆಕ್ಯುಪೇಷನಲ್ ಥೆರಪಿಸ್ಟ್ ಒಮ್ಮೆ ನೋಡಬಹುದೇ ಎಂದು ಕೇಳಬೇಕು. ಜಮಾಅತ್‌ಗಳು ಮಸೀದಿಯ ಮೆಟ್ಟಿಲ ಪಕ್ಕ ಇಳಿಜಾರು, ವುಝೂಖಾನೆಯಲ್ಲಿ ಕೂರುವ ಆಸನ, ಮೊಣಕೈಯಿಂದ ತಳ್ಳಿದರೂ ತೆರೆಯುವ ನಲ್ಲಿ ಹಾಕಿಸಬಹುದು. ಹಲವು ಮನೆಗಳಲ್ಲಿ ಕುಟುಂಬದ ಗಂಡಸರು ಕೊಲ್ಲಿಯಲ್ಲಿದ್ದು ಆರೈಕೆ ಪೂರ್ತಿ ಹೆಂಗಸರ ಹೆಗಲ ಮೇಲಿದೆ. ಹಣ ಕಳುಹಿಸುವವರು ಬಚ್ಚಲಿನ ಹಿಡಿಕೆಗೂ ಒಂದಿಷ್ಟು ಕಳುಹಿಸಲಿ.

ಇನ್ನೊಂದು ಮಾತು. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಇಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡದ್ದಾಗಿ ಬರೆದಿದ್ದಾನೆ. ಭಟ್ಕಳದ ಅಂಜುಮನ್ 1919ರಿಂದ ಶಿಕ್ಷಣದ ಕೆಲಸ ಮಾಡುತ್ತಿದೆ. ವಿಜ್ಞಾನದ ಪಿಯುಸಿ ಮುಗಿಸಿದ ನಮ್ಮ ಹೆಣ್ಣುಮಕ್ಕಳ ಎದುರು ಎಂಬಿಬಿಎಸ್ ಸೀಟು ಸಿಗದಿದ್ದರೆ ದಾರಿಯೇ ಇಲ್ಲ ಎಂಬಂತೆ ಮಾತಾಡುತ್ತೇವೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆಯಲ್ಲಿ ಆಕ್ಯುಪೇಷನಲ್ ಥೆರಪಿಗೂ ಸ್ಥಾನವಿದೆ. ಪರಕೀಯರ ಮುಂದೆ ಮುದುಡಿಕೊಳ್ಳುವ ನಮ್ಮ ಅಜ್ಜಿಯಂದಿರ ಕೋಣೆಗೆ ನವಾಯತಿ, ಕೊಂಕಣಿ, ಉರ್ದು, ಕನ್ನಡ ಬಲ್ಲ ಒಬ್ಬ ಹೆಣ್ಣುಮಗಳು ಹೋಗಿ ಕೂತರೆ ಅರ್ಧ ಕೆಲಸ ಅಲ್ಲೇ ಆದಂತೆ.

ಅಷ್ಟರ ತನಕ ಮನೆಯಲ್ಲೇ ಒಂದು ಕೆಲಸ ಆರಂಭಿಸೋಣ. ನಾಳೆ ಬೆಳಿಗ್ಗೆ ಹಿರಿಯರಿಗೆ ತುತ್ತು ಮಾಡಿ ಬಾಯಿಗಿಡುವ ಮೊದಲು ತಟ್ಟೆಯನ್ನು ಅವರ ಮುಂದಿಟ್ಟು ಸ್ವಲ್ಪ ಕಾಯೋಣ. ಅನ್ನ ಚೆಲ್ಲಬಹುದು, ಹೊತ್ತು ಹಿಡಿಯಬಹುದು. ನುಂಗಲು ಕಷ್ಟವಿದ್ದವರ ವಿಷಯದಲ್ಲಿ ಮಾತ್ರ ವೈದ್ಯರ ಮಾತು ಮೀರಬಾರದು. ಉಳಿದವರ ಬಳಿ ಅವಸರ ಮಾಡದೆ ಕೂರೋಣ. ಮೊದಲ ತುತ್ತು ತಾವೇ ಉಂಡ ದಿನ ಅವರು ತಲೆಯೆತ್ತಿ ನಮ್ಮನ್ನು ನೋಡುತ್ತಾರೆ. ಆ ನೋಟಕ್ಕಾಗಿ ಕಾಯುವ ತಾಳ್ಮೆಯನ್ನು ಅಲ್ಲಾಹನು ನಮಗೆ ಕರುಣಿಸಲಿ.